ಸೂಫಿ ಸಂತರ ಸನ್ನಿಧಿಗಳೂ ವಸ್ತುಸಂಗ್ರಹಾಲಯವೂ: ಯಾದಗಿರಿ, ಶಹಾಪುರ, ಸುರಪುರ ಪ್ರದೇಶವನ್ನು ಕುರಿತು ಒಂದು ವಿವೇಚನೆ

೧

ಯಾದಗಿರಿ ತಾಲ್ಲೂಕಿನ ಹತ್ತಿಕುಣಿಯಿಂದ ಹೊರಟು, ಯಾದಗಿರಿಯ ಕೋಟೆಯನ್ನು ಹಾದು, ಭೀಮಾನದಿಯನ್ನು ದಾಟಿ ಶಹಾಪುರಕ್ಕೂ ಅಲ್ಲಿಂದ ಗೋಗಿಗೂ ಹೋಗಿ, ಮತ್ತೆ ದಕ್ಷಿಣಕ್ಕೆ ತಿರುಗಿ ಸುರಪುರದ ಮೇಲೆ ಕೃಷ್ಣಾತೀರದ ತಿಂಥಣಿಯನ್ನು ಸೇರುವ ಪ್ರವಾಸಿಗೆ ಒಂದು ವಿಷಯವು ಬೇಗನೆ ಮನವರಿಕೆಯಾಗುತ್ತದೆ. ಈ ನಾಡಿನಲ್ಲಿ ಸಂತನೊಬ್ಬನ ಸಮಾಧಿಯೆಂಬುದು ಊರಿನ ಕೆರೆ ಬಾವಿಗಳಷ್ಟೇ ಸಹಜವಾದ ವಸ್ತು. ಸುಣ್ಣ ಬಳಿದ ಗುಮ್ಮಟ, ಹಸಿರು ನಿಶಾನೆ, ಬೇವಿನ ಮರದಡಿಯ ಕಟ್ಟೆ ಇವು ದಾರಿಯುದ್ದಕ್ಕೂ ಕಾಣಿಸಿಕೊಳ್ಳುತ್ತವೆ. ಇವುಗಳಲ್ಲಿ ಕೆಲವನ್ನು ಜನರು ದರ್ಗಾ ಎಂದು ಕರೆಯುತ್ತಾರೆ. ಕೆಲವನ್ನು ಗದ್ದುಗೆ ಎನ್ನುತ್ತಾರೆ. ಒಬ್ಬರು ದರ್ಗಾ ಎಂದುದನ್ನೇ ಇನ್ನೊಬ್ಬರು ಗದ್ದುಗೆ ಎನ್ನುವುದೂ ಉಂಟು.

ಇಂತಹ ಪ್ರದೇಶದ ಸೂಫಿ ಸಂತರನ್ನೂ ಅವರ ಸನ್ನಿಧಿಗಳನ್ನೂ ಪರಿಚಯಿಸುವ ಒಂದು ಪ್ರದರ್ಶನಾಂಗಣವನ್ನು ವಸ್ತುಸಂಗ್ರಹಾಲಯದಲ್ಲಿ ಏರ್ಪಡಿಸುವುದಾದರೆ ಅಲ್ಲಿ ಏನನ್ನು ಇಡಬೇಕು, ಏನನ್ನು ಇಡಬಾರದು, ಇಟ್ಟುದಕ್ಕೆ ಯಾವ ಹೆಸರನ್ನು ಬರೆಯಬೇಕು ಎಂಬ ಪ್ರಶ್ನೆಗಳನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಮೇಲುನೋಟಕ್ಕೆ ಇದು ಕಪಾಟು, ಗಾಜು, ಫಲಕಗಳಿಗೆ ಸಂಬಂಧಿಸಿದ ವ್ಯವಸ್ಥೆಯ ಮಾತೆಂದು ತೋರಬಹುದು. ಆದರೆ ವಸ್ತುವಿನ ಪಕ್ಕದಲ್ಲಿ ಬರೆದಿಡುವ ಎರಡು ಸಾಲಿನ ಫಲಕವೇ ಮುಂದಿನ ತಲೆಮಾರಿಗೆ ಇತಿಹಾಸವಾಗಿ ಪರಿಣಮಿಸುತ್ತದೆ. ಶಾಲೆಯ ಮಕ್ಕಳು ಅದನ್ನು ನೋಡಿ ಬರೆದುಕೊಳ್ಳುತ್ತಾರೆ. ಅಧ್ಯಾಪಕರು ಅದನ್ನೇ ಪಾಠದಲ್ಲಿ ಹೇಳುತ್ತಾರೆ. ಆದುದರಿಂದ ಈ ವಿಷಯವನ್ನು ಕಾಲೇಜಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಸ್ವಲ್ಪ ಸಾವಧಾನವಾಗಿ ಪರಿಶೀಲಿಸುವುದು ಉಚಿತವೆಂದು ನಮ್ಮ ಭಾವನೆ.

೨

ವಸ್ತುಸಂಗ್ರಹಾಲಯವು ಸಾಮಾನ್ಯವಾಗಿ ಬಳಕೆಯಿಂದ ದೂರವಾದ ವಸ್ತುಗಳನ್ನು ಸಂಗ್ರಹಿಸುತ್ತದೆ. ಇದಕ್ಕೆ ಈ ಪ್ರದೇಶದ ಸಮೀಪದಲ್ಲಿಯೇ ಉತ್ತಮವಾದ ನಿದರ್ಶನವುಂಟು. ಭೀಮಾತೀರದ ಸನ್ನತಿ ಮತ್ತು ಅದರ ಪಕ್ಕದ ಕನಗನಹಳ್ಳಿ ಒಂದು ಕಾಲದಲ್ಲಿ ಬೌದ್ಧರ ದೊಡ್ಡ ಕ್ಷೇತ್ರಗಳಾಗಿದ್ದುವು. ಕಾಲಕ್ರಮದಲ್ಲಿ ಅಲ್ಲಿ ಪೂಜಿಸುವವರು ಇಲ್ಲವಾದರು. ಸ್ತೂಪವು ಮಣ್ಣಿನಡಿ ಸೇರಿತು. ೧೯೯೦ರ ದಶಕದ ಉತ್ಖನನದಲ್ಲಿ ಕನಗನಹಳ್ಳಿಯ ಶಿಲ್ಪಫಲಕಗಳು ಹೊರಬಂದಾಗ ಅವುಗಳಿಗೆ ಹರಕೆ ಹೊರುವವರಾರೂ ಉಳಿದಿರಲಿಲ್ಲ. ಅಂತಹ ಶಿಲ್ಪವನ್ನು ಸಂಗ್ರಹಾಲಯಕ್ಕೆ ಸಾಗಿಸಿದರೆ ಯಾರ ಪೂಜೆಯೂ ನಿಲ್ಲುವುದಿಲ್ಲ. ಬದಲಾಗಿ ಮರೆತುಹೋದ ಒಂದು ಪರಂಪರೆಗೆ ಅದು ಸಾಕ್ಷಿಯಾಗಿ ನಿಲ್ಲುತ್ತದೆ.

ಸೂಫಿ ಸನ್ನಿಧಿಗಳ ಸಂಗತಿ ಇದಕ್ಕೆ ವಿಪರೀತವಾದುದು. ಅವುಗಳಲ್ಲಿ ಅನೇಕ ಸನ್ನಿಧಿಗಳು ಸ್ಥಾಪನೆಯಾದಂದಿನಿಂದ ಇಂದಿನವರೆಗೆ ಭಕ್ತರನ್ನು ಕಳೆದುಕೊಂಡಿಲ್ಲ. ಗುರುವಾರ ಶುಕ್ರವಾರಗಳಂದು ಲೋಬಾನದ ಹೊಗೆ ಏಳುತ್ತದೆ, ಸಕ್ಕರೆ ಓದಿಸುತ್ತಾರೆ, ಮಗುವಿನ ತಲೆಯ ಮೇಲೆ ಮುಜಾವರನು ನವಿಲುಗರಿಯ ಕುಂಚವನ್ನಾಡಿಸುತ್ತಾನೆ. ಬಳಕೆಯಲ್ಲಿರುವ ಆ ಕುಂಚವನ್ನಾಗಲಿ ಧೂಪದ ಪಾತ್ರೆಯನ್ನಾಗಲಿ ಗಾಜಿನೊಳಗೆ ಇಟ್ಟರೆ ಅದರ ರೂಪ ಉಳಿಯುತ್ತದೆ, ಕೆಲಸ ನಿಲ್ಲುತ್ತದೆ.

ಸನ್ನಿಧಿಯ ವಸ್ತುಗಳನ್ನು ಹೊರಗೆ ತರುವ ಬದಲು ಸನ್ನಿಧಿಯನ್ನೇ ಸಂಗ್ರಹಾಲಯವಾಗಿ ಮಾಡಿದ ಪ್ರಸಿದ್ಧ ಉದಾಹರಣೆಯೊಂದು ತುರ್ಕಿ ದೇಶದ ಕೋನ್ಯಾ ನಗರದಲ್ಲಿದೆ. ಅಲ್ಲಿರುವುದು ಮೌಲಾನಾ ಜಲಾಲುದ್ದೀನ್ ರೂಮಿಯವರ ಸಮಾಧಿ. ೧೯೨೫ರಲ್ಲಿ ತುರ್ಕಿಯ ಗಣರಾಜ್ಯವು ಸೂಫಿ ಮಠಗಳನ್ನೆಲ್ಲ ಕಾನೂನಿನಿಂದ ಮುಚ್ಚಿಸಿತು; ೧೯೨೭ರಲ್ಲಿ ಈ ಸನ್ನಿಧಿಯನ್ನು ವಸ್ತುಸಂಗ್ರಹಾಲಯವೆಂದು ತೆರೆಯಲಾಯಿತು; ೧೯೫೪ರಲ್ಲಿ ಅದಕ್ಕೆ ಮೌಲಾನಾ ಸಂಗ್ರಹಾಲಯವೆಂಬ ಹೆಸರು ಬಂದಿತು. ದರವೇಶಿಗಳ ಉದ್ದನೆಯ ಟೊಪ್ಪಿಗೆ, ಕೊಳಲು, ಜಪಮಾಲೆ, ಹಸ್ತಪ್ರತಿಗಳು ಅಲ್ಲಿ ಕಪಾಟುಗಳಲ್ಲಿವೆ. ಆದರೂ ಸಮಾಧಿಯ ಮುಂದೆ ನಿಂತ ಯಾತ್ರಿಕರು ಅಂಗೈಗಳನ್ನು ಮೇಲೆತ್ತಿ ಪ್ರಾರ್ಥಿಸುವುದು ನಿಂತಿಲ್ಲ. ಕಟ್ಟಡದ ಹೆಸರನ್ನು ಬದಲಿಸಿದ ಮಾತ್ರಕ್ಕೆ ಜನರ ಭಾವನೆ ಬದಲಾಗುವುದಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಇಸ್ಲಾಮಾಬಾದಿನ ಲೋಕ್ ವಿರ್ಸಾ ಸಂಗ್ರಹಾಲಯದವರು ಬೇರೊಂದು ಮಾರ್ಗವನ್ನು ಹಿಡಿದರು. ಸನ್ನಿಧಿಗಳನ್ನು ಅವುಗಳ ಸ್ಥಳದಲ್ಲಿಯೇ ಬಿಟ್ಟು, ಸೂಫಿ ಸಂತರಿಗೂ ಅವರ ಸನ್ನಿಧಿಗಳಿಗೂ ಒಂದು ವಿಭಾಗವನ್ನು ಅಲ್ಲಿ ಮೀಸಲಿರಿಸಲಾಗಿದೆ. ನಮ್ಮ ಪ್ರದೇಶಕ್ಕೆ ಈ ಎರಡನೆಯ ಮಾರ್ಗವೇ ಹೆಚ್ಚು ಸಮೀಪವಾದುದು.

ನಮ್ಮ ನಾಡಿನ ಸಂಗ್ರಹಾಲಯಗಳಿಗೂ ಸಮಾಧಿಗಳಿಗೂ ಹಳೆಯ ನಂಟು ಉಂಟೆಂಬುದನ್ನು ಇಲ್ಲಿ ನೆನೆಯಬಹುದು. ಬಿಜಾಪುರದ ವಸ್ತುಸಂಗ್ರಹಾಲಯವು ೧೮೯೨ರಲ್ಲಿ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಏರ್ಪಟ್ಟಿತು. ಕಲಬುರಗಿಯ ಸರಕಾರಿ ಸಂಗ್ರಹಾಲಯವು ಬಹಮನಿ ಕಾಲದ ಎರಡು ಸಮಾಧಿ ಕಟ್ಟಡಗಳಲ್ಲಿಯೇ ನೆಲೆಗೊಂಡಿತು. ಬಿಜಾಪುರದ ಆಸಾರ ಮಹಲಿನಲ್ಲಿ ಉಳಿದಿದ್ದ ಅರಬ್ಬೀ ಫಾರ್ಸಿ ಹಸ್ತಪ್ರತಿಗಳು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗ್ರಂಥಾಲಯಕ್ಕಾಗಿ ಲಂಡನ್ನಿಗೆ ಸಾಗಿದುವು. ಅದರಿಂದ ಅವು ನಾಶವಾಗದೆ ಉಳಿದುವೆಂಬುದೇನೋ ನಿಜ. ಆದರೆ ಅವುಗಳನ್ನು ಓದಬೇಕಾದ ಬಿಜಾಪುರದ ವಿದ್ಯಾರ್ಥಿಗೆ ಅವು ಸಮುದ್ರದ ಆಚೆಯ ವಸ್ತುಗಳಾದುವು. ರಕ್ಷಣೆಯೆಂಬ ಒಳ್ಳೆಯ ಕಾರ್ಯವೂ ಒಂದು ಬಗೆಯ ವಿಯೋಗವನ್ನು ತರಬಲ್ಲುದೆಂಬುದಕ್ಕೆ ಇದು ಸಾಕ್ಷಿ.

೩

ಪ್ರದರ್ಶನಾಂಗಣದ ಮೊದಲ ಭಾಗದಲ್ಲಿ ಸೂಫಿ ಪಂಥದ ಸ್ವರೂಪವನ್ನು ತಿಳಿಸುವುದು ಅವಶ್ಯಕ. ‘ಸೂಫಿ’ ಎಂಬ ಶಬ್ದವು ಉಣ್ಣೆ ಎಂಬರ್ಥದ ‘ಸೂಫ್’ ಎಂಬ ಅರಬ್ಬೀ ಪದದಿಂದ ಬಂದುದೆಂದು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಒರಟು ಉಣ್ಣೆಯ ಬಟ್ಟೆಯನ್ನು ಉಟ್ಟ ವಿರಕ್ತರೆಂಬುದು ಅದರ ಮೂಲಾರ್ಥ. ಕಂಬಳಿಯನ್ನು ಹೊದ್ದ ಗುರುವನ್ನು ಬಲ್ಲ ನಮ್ಮ ಜನರಿಗೆ ಈ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪಂಥದಲ್ಲಿ ಗುರುವಿಗೆ ಮುರ್ಷಿದ ಅಥವಾ ಪೀರ ಎಂದೂ, ಶಿಷ್ಯನಿಗೆ ಮುರೀದನೆಂದೂ, ಗುರುಪರಂಪರೆಗೆ ಸಿಲಸಿಲೆಯೆಂದೂ, ಗುರುವಿನ ಮಠಕ್ಕೆ ಖಾನಖಾ ಎಂದೂ ಹೆಸರು. ಗುರುವಿನಿಂದ ಗುರುವಿಗೆ ಇಳಿದು ಬಂದ ಹೆಸರುಗಳನ್ನು ಬರೆದಿಡುವ ಪಟ್ಟಿಯೇ ಶಜರಾ. ಅದರ ಅರ್ಥ ‘ಮರ’ ಎಂದು. ಶಜರೆಯ ಒಂದು ಸುರುಳಿಯನ್ನು ಗೋಡೆಯ ಮೇಲೆ ಬಿಡಿಸಿ ತೋರಿಸಿದರೆ, ಇರಾಕ್ ಇರಾನುಗಳಲ್ಲಿ ಬೇರೂರಿದ ಮರದ ಒಂದು ಕೊಂಬೆ ಭೀಮೆ ಕೃಷ್ಣೆಯರ ನಡುನಾಡಿಗೆ ಚಾಚಿ ಬಂದುದನ್ನು ನೋಡುಗನು ಒಂದೇ ನೋಟದಲ್ಲಿ ಗ್ರಹಿಸುವನು.

ಆ ಕೊಂಬೆಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಕಲಬುರಗಿಯ ಖ್ವಾಜಾ ಬಂದೇ ನವಾಜ ಗೇಸೂದರಾಜರದು. ಅವರು ೧೩೨೧ರಲ್ಲಿ ಜನಿಸಿದರು. ದೆಹಲಿಯಲ್ಲಿ ಚಿಸ್ತಿ ಪರಂಪರೆಯ ನಸೀರುದ್ದೀನ್ ಚಿರಾಗರ ಶಿಷ್ಯರಾಗಿದ್ದರು. ತೈಮೂರನ ದಂಡಯಾತ್ರೆ ಸಮೀಪಿಸಿದ ೧೩೯೮ರಲ್ಲಿ ದೆಹಲಿಯನ್ನು ಬಿಟ್ಟು, ಗುಜರಾತದ ಮೇಲೆ ದಖ್ಖನಿಗೆ ಬಂದು, ಫಿರೋಜಶಹಾ ಬಹಮನಿಯ ಕಾಲದಲ್ಲಿ ಕಲಬುರಗಿಯಲ್ಲಿ ನೆಲೆಸಿ, ೧೪೨೨ರಲ್ಲಿ ನೂರು ವರ್ಷ ತುಂಬಿದ ವೃದ್ಧರಾಗಿ ಅಲ್ಲಿಯೇ ಕಾಲವಾದರು. ‘ಗೇಸೂದರಾಜ’ ಎಂದರೆ ನೀಳಕೇಶದವರು. ‘ಬಂದೇ ನವಾಜ’ ಎಂದರೆ ಸೇವಕರ ಮೇಲೆ ಕೃಪೆ ತೋರುವವರು.

ಅವರು ಕಾಲವಾದ ವರ್ಷವನ್ನು ಫಾರ್ಸಿ ವಿದ್ವಾಂಸರು ‘ಮಖ್ದೂಮೆ ದೀನೊ ದುನಿಯಾ’ ಎಂಬ ಪದಪುಂಜದಲ್ಲಿ ಅಡಗಿಸಿಟ್ಟರು. ಧರ್ಮಕ್ಕೂ ಲೋಕಕ್ಕೂ ಸೇವ್ಯರಾದವರೆಂಬುದು ಅದರ ಅರ್ಥ. ಅರಬ್ಬೀ ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯುಂಟು. ‘ಮಖ್ದೂಮ್’ ಎಂಬಲ್ಲಿ ಮೀಮ್ ೪೦, ಖೇ ೬೦೦, ದಾಲ್ ೪, ವಾವ್ ೬, ಮತ್ತೆ ಮೀಮ್ ೪೦, ಒಟ್ಟು ೬೯೦. ‘ದೀನ್’ ಎಂಬುದಕ್ಕೆ ೬೪. ನಡುವಣ ವಾವ್ ಅಕ್ಷರಕ್ಕೆ ೬. ‘ದುನಿಯಾ’ ಎಂಬುದಕ್ಕೆ ೬೫. ಇವೆಲ್ಲವನ್ನೂ ಕೂಡಿಸಿದರೆ ೮೨೫ ಆಗುತ್ತದೆ. ಹಿಜರಿ ೮೨೫ನೆಯ ವರ್ಷವು ಕ್ರಿ.ಶ. ೧೪೨೨ಕ್ಕೆ ಸರಿಹೊಂದುತ್ತದೆ. ಕನ್ನಡ ಸಂಸ್ಕೃತ ಶಾಸನಗಳಲ್ಲಿ ಗಗನ, ಚಂದ್ರ, ಬಾಣ ಮೊದಲಾದ ಶಬ್ದಗಳಿಂದ ಶಕವರ್ಷವನ್ನು ಸೂಚಿಸುವ ಪದ್ಧತಿಯನ್ನು ಬಲ್ಲ ವಿದ್ಯಾರ್ಥಿಗೆ ಈ ಜಾಣ್ಮೆಯು ಅಪರಿಚಿತವಾಗಿ ತೋರದು. ಇಂತಹ ಒಂದು ಲೆಕ್ಕವನ್ನು ಫಲಕದಲ್ಲಿ ಬಿಡಿಸಿ ತೋರಿಸುವುದು ಹತ್ತು ಪುಟದ ವ್ಯಾಖ್ಯಾನಕ್ಕಿಂತ ಹೆಚ್ಚು ಫಲಕಾರಿಯೆಂದು ನಾವು ನಂಬುತ್ತೇವೆ.

ಸಂತನ ಪುಣ್ಯತಿಥಿಗೆ ‘ಉರುಸು’ ಎಂದು ಹೆಸರು. ಅರಬ್ಬಿಯಲ್ಲಿ ಇದರ ಅರ್ಥ ಮದುವೆ. ಸಂತನು ತೀರಿಕೊಂಡ ದಿನವೇ ಆತನ ಆತ್ಮವು ಪರಮಾತ್ಮನನ್ನು ಕೂಡಿದ ದಿನ. ಆದುದರಿಂದ ಅದು ಶೋಕದ ದಿನವಲ್ಲ, ಉತ್ಸವದ ದಿನ. ಗಂಧದ ಮೆರವಣಿಗೆ, ಉರುಸು, ದೀಪೋತ್ಸವ ಎಂಬ ಮೂರು ದಿನಗಳ ಕ್ರಮವು ಕಲಬುರಗಿಯಲ್ಲಿ ಪ್ರಸಿದ್ಧವಾದುದು. ಹಿಜರಿ ವರ್ಷಕ್ಕೆ ಸುಮಾರು ೩೫೪ ದಿನಗಳು ಮಾತ್ರ ಇರುವುದರಿಂದ ಉರುಸು ಪ್ರತಿವರ್ಷವೂ ಸುಮಾರು ಹನ್ನೊಂದು ದಿನ ಮುಂಚಿತವಾಗಿ ಬರುತ್ತ, ಮೂವತ್ತಮೂರು ವರ್ಷಗಳಲ್ಲಿ ಋತುಗಳನ್ನೆಲ್ಲ ಒಮ್ಮೆ ಸುತ್ತಿಬರುತ್ತದೆ.

೪

ಈಗ ನಮ್ಮ ಪ್ರದೇಶದ ಮುಖ್ಯ ಸ್ಥಳಕ್ಕೆ ಬರೋಣ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಸೂಫಿ ಸಂತರಾದ ಚಂದಾ ಹುಸೇನಿಯವರ ದರ್ಗಾ ಇದೆ. ಬಿಜಾಪುರದ ಆದಿಲಶಾಹಿ ಮನೆತನವನ್ನು ಸ್ಥಾಪಿಸಿದ ಯೂಸುಫ್ ಆದಿಲಶಹನು ೧೫೧೦ರಲ್ಲಿ ತೀರಿಕೊಂಡಾಗ ಅವನನ್ನು ಹುಗಿದುದು ರಾಜಧಾನಿಯಲ್ಲಲ್ಲ. ಈ ಸಂತನ ಸನ್ನಿಧಿಯಲ್ಲಿ. ೧೫೩೪ರಲ್ಲಿ ಅವನ ಮಗ ಇಸ್ಮಾಯಿಲನೂ, ೧೫೫೮ರಲ್ಲಿ ಮೊಮ್ಮಗ ಮೊದಲನೆಯ ಇಬ್ರಾಹಿಮನೂ ಅಲ್ಲಿಗೇ ಬಂದು ಸೇರಿದರು. ೧೫೮೦ರಲ್ಲಿ ಮಡಿದ ಮೊದಲನೆಯ ಅಲಿ ಆದಿಲಶಹನ ಸಮಾಧಿ ಬಿಜಾಪುರದಲ್ಲಿದೆ. ಅಲ್ಲಿಂದ ಮುಂದೆ ಇಬ್ರಾಹಿಂ ರೋಜಾ, ಗೋಳಗುಮ್ಮಟಗಳಂತಹ ಮಹಾಸಮಾಧಿಗಳ ಯುಗವು ಆರಂಭವಾಗುತ್ತದೆ.

ಈ ಸಂಗತಿಯ ಸ್ವಾರಸ್ಯವನ್ನು ಬಿಜಾಪುರವನ್ನಷ್ಟೇ ನೋಡಿದವರು ಊಹಿಸಲಾರರು. ಗೋಳಗುಮ್ಮಟದಲ್ಲಿ ಕಟ್ಟಡವೇ ಅರಸನ ಮಹಿಮೆಯನ್ನು ಸಾರುತ್ತದೆ. ಗೋಗಿಯಲ್ಲಿ ಅರಸರು ತಮ್ಮ ಮಹಿಮೆಯನ್ನು ತಾವು ಸಾರಿಕೊಳ್ಳುವ ಬದಲು ಸಂತನ ನೆರಳನ್ನು ಆಶ್ರಯಿಸಿದ್ದಾರೆ. ಹೊಸದಾಗಿ ನಿಂತ ರಾಜ್ಯಕ್ಕೆ ಸೈನ್ಯದ ಬಲವೊಂದೇ ಸಾಲದು. ನಾಡಿನ ಜನರು ಒಪ್ಪಿದ ಪಾವಿತ್ರ್ಯದ ಬಲವೂ ಬೇಕು. ಬಹಮನಿ ಅರಸರು ಕಲಬುರಗಿಯಲ್ಲಿ ಶೇಖ ಸಿರಾಜುದ್ದೀನ್ ಜುನೈದಿಯವರ ಆಶೀರ್ವಾದವನ್ನು ಬಯಸಿದುದಕ್ಕೂ, ಒಂದನೆಯ ಅಹಮದಶಹನು ಗೇಸೂದರಾಜರ ಒಲವನ್ನು ಪಡೆದುದಕ್ಕೂ ಇದೇ ಹಿನ್ನೆಲೆ. ಸಂತನಿಗೆ ಅರಸನು ಭೂಮಿಯನ್ನು ಕೊಟ್ಟನು. ಅರಸನಿಗೆ ಸಂತನು ಮಾನ್ಯತೆಯನ್ನು ಕೊಟ್ಟನು. ಕೆಲವೊಮ್ಮೆ ಈ ಕೊಡುಕೊಳೆಯು ಮುರಿದು ಜಗಳವೂ ಆದುದುಂಟು. ಫಿರೋಜಶಹನಿಗೂ ಗೇಸೂದರಾಜರಿಗೂ ಕೊನೆಯಲ್ಲಿ ಸರಸವಿರಲಿಲ್ಲ.

ಗೋಗಿಯಲ್ಲಿ ಇನ್ನೊಂದು ಪಾಠವೂ ಅಡಗಿದೆ. ಯೂಸುಫ್ ಆದಿಲಶಹನು ಹದಿನಾರನೆಯ ಶತಮಾನದ ಆದಿಯಲ್ಲಿ ಶಿಯಾ ಪಂಥವನ್ನು ರಾಜ್ಯದ ಪಂಥವೆಂದು ಸಾರಿದವನು. ಇಸ್ಮಾಯಿಲನೂ ಅದನ್ನೇ ಅನುಸರಿಸಿದನು. ಮೊಮ್ಮಗ ಇಬ್ರಾಹಿಮನು ಅದನ್ನು ತೊಡೆದು ಸುನ್ನಿ ಪಂಥವನ್ನು ಮತ್ತೆ ಸ್ಥಾಪಿಸಿದನು. ಆಸ್ಥಾನದಲ್ಲಿ ಪ್ರಾರ್ಥನೆಯ ಮಾತುಗಳು ಬದಲಾದುವು, ಸೈನಿಕರ ಟೊಪ್ಪಿಗೆಗಳೂ ಬದಲಾದುವು. ಆದರೆ ಸಾಯುವಾಗ ಅಜ್ಜನೂ ಮೊಮ್ಮಗನೂ ಒಬ್ಬನೇ ಸಂತನ ಪಕ್ಕಕ್ಕೆ ಬಂದರು. ಈ ಮೂವರ ಗೋರಿಗಳಿಗೆ ‘ಶಿಯಾ ಸಮಾಧಿ’ ಎಂದಾಗಲಿ ‘ಸುನ್ನಿ ಸಮಾಧಿ’ ಎಂದಾಗಲಿ ಫಲಕವನ್ನು ಬರೆಯಲು ಹೊರಟವನ ಲೇಖನಿಯು ಅರ್ಧದಲ್ಲಿಯೇ ನಿಲ್ಲಬೇಕಾಗುತ್ತದೆ.

೫

ಫಲಕದ ಈ ತೊಡಕು ಪಂಥಗಳ ಮಟ್ಟದಲ್ಲಿ ನಿಲ್ಲುವುದಿಲ್ಲ. ಧರ್ಮಗಳ ಮಟ್ಟಕ್ಕೂ ಏರುತ್ತದೆ. ಸುರಪುರ ತಾಲ್ಲೂಕಿನ ದೇವರಗೋನಾಲದಲ್ಲಿ ಹುಟ್ಟಿ ತಿಂಥಣಿಯಲ್ಲಿ ನೆಲೆನಿಂತ ಮೌನೇಶ್ವರರು ವಿಶ್ವಕರ್ಮ ಮನೆತನದವರು, ಕನ್ನಡದಲ್ಲಿ ವಚನಗಳನ್ನು ರಚಿಸಿದವರು. ಅವರನ್ನೇ ಮುಸಲ್ಮಾನ ಭಕ್ತರು ಮೌನುದ್ದೀನರೆಂದು ನೆನೆಯುತ್ತಾರೆ. ಜಾತ್ರೆಯಲ್ಲಿ ಕೇಳಿಬರುವ ಜಯಘೋಷದಲ್ಲಿ ಪೀರರ ಹೆಸರೂ ಕಾಶಿಯ ವಿಶ್ವನಾಥನ ಹೆಸರೂ ಒಂದೇ ಉಸಿರಿನಲ್ಲಿ ಬರುತ್ತವೆ. ಇಂದು ಹುಣಸಗಿ ತಾಲ್ಲೂಕಿಗೆ ಸೇರಿರುವ ಕೊಡೇಕಲ್ಲಿನಲ್ಲಿ ಕಾಲಜ್ಞಾನ ಸಾಹಿತ್ಯದ ಪರಂಪರೆಗೆ ಮೂಲಪುರುಷರಾದ ಬಸವಣ್ಣನವರಿಗೂ ಹೀಗೆಯೇ ಎರಡೂ ಕಡೆಯ ಭಕ್ತರುಂಟು. ಶಹಾಪುರಕ್ಕೆ ನೆರೆಯದಾದ ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರ ಶಿಷ್ಯಮಂಡಲಿಯಲ್ಲಿ ಚೆನ್ನೂರ ಜಲಾಲಸಾಹೇಬರೂ ಒಬ್ಬರು. ಅವರು ಕನ್ನಡದಲ್ಲಿ ತತ್ತ್ವಪದಗಳನ್ನು ಹಾಡಿದರು.

ಈ ವಿಷಯದಲ್ಲಿ ಅತ್ಯಂತ ಸ್ಪಷ್ಟವಾದ ನಿದರ್ಶನವು ಬೀದರಿನ ಸಮೀಪದ ಅಷ್ಟೂರಿನಲ್ಲಿದೆ. ಅಲ್ಲಿ ಸಮಾಧಿಸ್ಥನಾಗಿರುವವನು ಬಹಮನಿ ಅರಸನಾದ ಒಂದನೆಯ ಅಹಮದಶಹನೇ. ೧೪೩೬ರಲ್ಲಿ ಕಾಲವಾದ ಈ ಅರಸನನ್ನು ಜನರು ‘ವಲಿ’ ಎಂದು, ಎಂದರೆ ಸಂತನೆಂದು, ಗೌರವಿಸಿದರು. ಅವನ ಗುಮ್ಮಟದ ಒಳಮೈಯಲ್ಲಿ ಬಂಗಾರದ ಬಣ್ಣದ ಬರಹಗಳ ನಡುವೆ ಇರಾನಿನ ಸೂಫಿ ಗುರು ಶಹಾ ನಿಯಾಮತುಲ್ಲಾರ ಗುರುಪರಂಪರೆ ಬರೆಯಲ್ಪಟ್ಟಿದೆ. ಹೈದರಾಬಾದ ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿಯವರು ೧೯೪೭ರಲ್ಲಿ ಪ್ರಕಟವಾದ ತಮ್ಮ ಬೀದರದ ಇತಿಹಾಸ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ದಾಖಲಿಸಿದ್ದಾರೆ. ಆದರೆ ಅದೇ ಅರಸನನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭುವೆಂದು ನಂಬುತ್ತಾರೆ. ಹೋಳಿಯ ತರುವಾಯ ಹಿಂದೂ ಪಂಚಾಂಗದ ಲೆಕ್ಕದಂತೆ ನಡೆಯುವ ಅಲ್ಲಿನ ಉರುಸಿಗೆ ಕಲಬುರಗಿ ಸೀಮೆಯ ಮಾಡ್ಯಾಳದಿಂದ ಜಂಗಮರು ಮೆರವಣಿಗೆಯಲ್ಲಿ ಬರುತ್ತಾರೆ. ಶಂಖ ಊದಿ ಕಾಯಿ ಒಡೆಯುತ್ತಾರೆ. ಹಿಜರಿ ಲೆಕ್ಕದಂತೆ ಋತುಗಳನ್ನು ಸುತ್ತಬೇಕಾದ ಉರುಸು ಇಲ್ಲಿ ಚೈತ್ರದ ಆಸುಪಾಸಿನಲ್ಲಿ ನೆಲೆನಿಂತುದು ಸಾಮಾನ್ಯವಾದ ಸಂಗತಿಯಲ್ಲ. ಒಕ್ಕಲುತನದ ಜನರು ತಮ್ಮ ಬಿಡುವಿನ ಕಾಲಕ್ಕೆ ಸಂತನ ತಿಥಿಯನ್ನು ಒಗ್ಗಿಸಿಕೊಂಡರೆಂದು ಊಹಿಸಲು ಅವಕಾಶವಿದೆ.

ಆಸ್ಥಾನದಲ್ಲಿಯೂ ಇಂತಹ ಭಾವ ಇಲ್ಲದಿರಲಿಲ್ಲ. ಎರಡನೆಯ ಇಬ್ರಾಹಿಂ ಆದಿಲಶಹನು ತನ್ನ ‘ಕಿತಾಬೆ ನವರಸ್’ ಎಂಬ ಗೇಯಕೃತಿಯಲ್ಲಿ ಸರಸ್ವತಿ ಗಣಪತಿಯರನ್ನೂ ಗೇಸೂದರಾಜರನ್ನೂ ಸ್ತುತಿಸಿದ್ದಾನೆ.

ಇಂತಹ ಉದಾಹರಣೆಗಳನ್ನು ‘ಸಾಮರಸ್ಯ’ ಎಂಬ ಒಂದು ಪದದಲ್ಲಿ ಅಡಕಮಾಡಿ ಮುಂದೆ ಹೋಗುವ ರೂಢಿ ನಮ್ಮಲ್ಲಿ ಬೆಳೆದಿದೆ. ಆ ಪದದಲ್ಲಿ ಸದ್ಭಾವವಿದೆ; ಆದರೆ ಅದು ವಿವರಣೆಯಲ್ಲ. ತಿಂಥಣಿಗೆ ಬರುವ ಇಬ್ಬರು ಭಕ್ತರು ಒಂದೇ ಗದ್ದುಗೆಗೆ ನಮಿಸುವಾಗ ಇಬ್ಬರೂ ಒಂದೇ ವಿಷಯವನ್ನು ನಂಬುತ್ತಾರೆಂದು ಹೇಳುವಂತಿಲ್ಲ. ಒಬ್ಬನಿಗೆ ಅಲ್ಲಿರುವವರು ಶಿವಯೋಗಿ, ಇನ್ನೊಬ್ಬನಿಗೆ ಪೀರ. ಒಬ್ಬನು ಮತ್ತೊಬ್ಬನ ನಂಬಿಕೆಯನ್ನು ತಿದ್ದಲು ಹೋಗದೆ, ಎಡೆಯನ್ನು ಹಂಚಿಕೊಂಡು ನಡೆಯುತ್ತಾನೆ. ಈ ಹಂಚಿಕೆಗೂ ಅದರದೇ ನಿಯಮಗಳುಂಟು: ಯಾವ ಸೇವೆ ಯಾವ ಮನೆತನದವರದು, ಮೊದಲ ಗಂಧ ಯಾರದು, ಕಾಯಿ ಯಾರದು, ಸಕ್ಕರೆ ಯಾರದು ಎಂಬುದೆಲ್ಲ ರೂಢಿಯಿಂದ ಗೊತ್ತಾಗಿರುತ್ತದೆ. ಪ್ರದರ್ಶನಾಂಗಣವು ತೋರಿಸಬೇಕಾದುದು ಈ ನಿಯಮಗಳನ್ನು. ಜನರು ಶತಮಾನಗಳ ಕಾಲ ಜಗಳವಿಲ್ಲದೆ ಬಾಳಿದುದು ಹೇಗೆ ಎಂಬುದಕ್ಕೆ ಉತ್ತರ ಅವುಗಳಲ್ಲಿದೆಯೇ ಹೊರತು ಹೊಗಳಿಕೆಯಲ್ಲಿ ಇಲ್ಲ.

ಹೀಗಿರುವಲ್ಲಿ ಫಲಕದ ಮೇಲೆ ಒಂದೇ ಹೆಸರನ್ನು ಬರೆಯುವುದೆಂದರೆ ಇಬ್ಬರಲ್ಲಿ ಒಬ್ಬನನ್ನು ಹೊರಗೆ ಕಳುಹಿಸಿದಂತೆ. ‘ಇಸ್ಲಾಮೀ ಕಲೆ’, ‘ಹಿಂದೂ ಶಿಲ್ಪ’ ಎಂಬ ವಿಭಾಗಗಳು ಗ್ರಂಥಾಲಯದ ಸೂಚಿಗೆ ಅನುಕೂಲವಾಗಿರಬಹುದು. ಈ ನೆಲದ ವಸ್ತುಗಳಿಗೆ ಅವು ಹೊಂದುವುದಿಲ್ಲ. ಒಂದು ಸಲ ಮುದ್ರಿತವಾದ ಹೆಸರು ಮುಂದೆ ವಾದಕ್ಕೆ ಆಧಾರವಾಗಿಯೂ ಬಳಕೆಯಾಗಬಲ್ಲುದು. ಆದುದರಿಂದ ಇಂತಹ ಸನ್ನಿಧಿಗಳ ಫಲಕದಲ್ಲಿ ಎರಡು ಹೆಸರುಗಳನ್ನೂ ಒಂದೇ ಗಾತ್ರದ ಅಕ್ಷರಗಳಲ್ಲಿ ಬರೆದು, ಯಾವ ಹೆಸರನ್ನು ಯಾರು ಹೇಳುತ್ತಾರೆಂಬುದನ್ನು ಸೇರಿಸಬೇಕು. ಯಾವುದು ನಿಜವಾದ ಹೆಸರು ಎಂಬ ಪ್ರಶ್ನೆಯನ್ನು ತೀರ್ಮಾನಿಸುವುದು ಸಂಗ್ರ‌ಹಾಲಯದ ಕೆಲಸವಲ್ಲ.

೬

ಇನ್ನು ವಸ್ತುಗಳ ಆಯ್ಕೆ. ಸೂಫಿಗಳ ಬಾಳಿಗೆ ಸಂಬಂಧಿಸಿದ ಕೆಲವು ವಸ್ತುಗಳು ಎಲ್ಲ ಸಂಗ್ರಹಾಲಯಗಳಲ್ಲಿಯೂ ರೂಢಿಯಾಗಿ ಕಾಣುವಂಥವು: ಗುರುವು ಶಿಷ್ಯನಿಗೆ ತೊಡಿಸುವ ಖಿರ್ಖಾ ಎಂಬ ಅಂಗಿ, ತಸಬಿ ಎಂಬ ಜಪಮಾಲೆ, ದೋಣಿಯಾಕಾರದ ಕಶ್ಕೋಲ ಎಂಬ ಭಿಕ್ಷಾಪಾತ್ರೆ, ಬೆತ್ತ, ಪಾದುಕೆ. ಇವುಗಳ ವಿಷಯವನ್ನು ವಿಸ್ತರಿಸಬೇಕಾಗಿಲ್ಲ. ಆದರೆ ಎರಡು ವಸ್ತುಗಳನ್ನು ಕುರಿತು ಸ್ವಲ್ಪ ಹೆಚ್ಚಾಗಿ ಹೇಳಬೇಕಾಗಿದೆ.

ಮೊದಲನೆಯದು ಗಲೇಫು, ಎಂದರೆ ಸಮಾಧಿಗೆ ಹೊದಿಸುವ ಚಾದರ. ಸಂಗ್ರಹಾಲಯದ ದೃಷ್ಟಿಯಲ್ಲಿ ವಸ್ತುವು ಹಳೆಯದಾದಷ್ಟೂ ಬೆಲೆ ಹೆಚ್ಚು. ಭಕ್ತನ ದೃಷ್ಟಿಯಲ್ಲಿ ಗಲೇಫು ಹೊಸದಾಗಿರಬೇಕು. ಹರಕೆ ತೀರಿದಾಗ ಹೊಸ ಬಟ್ಟೆಯನ್ನು ತಂದು ಹೊದಿಸುವುದೇ ಸೇವೆ. ಇಳಿಸಿದ ಬಟ್ಟೆಯು ಪ್ರಸಾದವಾಗಿ ಮನೆಗಳಿಗೆ ಹೋಗುತ್ತದೆ. ಕಟ್ಟಡದ ವಿಷಯದಲ್ಲಿಯೂ ಹೀಗೆಯೇ. ಭಕ್ತಿಯು ಹೆಚ್ಚಿದಲ್ಲೆಲ್ಲ ಸುಣ್ಣದ ಮೇಲೆ ಸುಣ್ಣ, ಬಣ್ಣದ ಮೇಲೆ ಬಣ್ಣ ಬೀಳುತ್ತದೆ. ಈಚೆಗೆ ನುಣುಪಾದ ಬಿಲ್ಲೆಗಳೂ ಬಂದಿವೆ. ಅವುಗಳ ಅಡಿಯಲ್ಲಿ ಒಂದು ಶಾಸನವೋ ಹಳೆಯ ಗಾರೆಯ ಕೆಲಸವೋ ಮುಚ್ಚಿಹೋದರೆ ವಿದ್ವಾಂಸನು ಮರುಗುತ್ತಾನೆ, ಭಕ್ತನು ತನ್ನ ಸಂತನಿಗೆ ಹೊಸ ಮನೆಯಾಯಿತೆಂದು ಹಿಗ್ಗುತ್ತಾನೆ. ಇಬ್ಬರಲ್ಲಿಯೂ ಪ್ರೀತಿಯಿದೆ, ಪ್ರೀತಿಯ ರೀತಿ ಬೇರೆ. ಈ ವ್ಯತ್ಯಾಸವನ್ನು ಅರಿಯದೆ ‘ಜನರ ಅಜ್ಞಾನ’ ಎಂದು ದೂರುವ ವಿದ್ವಾಂಸನಿಗೆ ಸನ್ನಿಧಿಯ ಬಾಗಿಲು ತೆರೆಯುವುದಿಲ್ಲ. ಆದುದರಿಂದ ಪ್ರದರ್ಶನಾಂಗಣದಲ್ಲಿ ಒಂದು ಪುರಾತನ ಗಲೇಫಿಗಿಂತ, ಭಕ್ತರೇ ಒಪ್ಪಿ ಕೊಟ್ಟ ಇತ್ತೀಚಿನ ಒಂದು ಗಲೇಫನ್ನು ಇರಿಸಿ, ಅದು ಯಾವ ಉರುಸಿನದು, ಯಾವ ಹರಕೆಗೆ ಬಂದಿತು, ಎಂದು ಇಳಿಯಿತು ಎಂಬುದನ್ನು ಬರೆಯುವುದು ಲೇಸು.

ಎರಡನೆಯದು ಬೀಸುವ ಕಲ್ಲು. ಸೂಫಿಗಳ ಪ್ರದರ್ಶನದಲ್ಲಿ ಬೀಸುವ ಕಲ್ಲಿಗೇನು ಕೆಲಸವೆಂದು ಕೆಲವರಿಗೆ ಆಶ್ಚರ್ಯವಾಗಬಹುದು. ಬಿಜಾಪುರದ ಸೂಫಿಗಳನ್ನು ಕುರಿತು ೧೯೭೮ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಿಚರ್ಡ್ ಈಟನ್ ಅವರು ಚಕ್ಕೀನಾಮಾ, ಚರಖಾನಾಮಾ ಎಂಬ ದಖನೀ ಹಾಡುಗಳ ಮಹತ್ತ್ವವನ್ನು ತೋರಿಸಿಕೊಟ್ಟರು. ಹೆಂಗಸರು ಹಿಟ್ಟು ಬೀಸುವಾಗಲೂ ನೂಲುವಾಗಲೂ ಹಾಡಿಕೊಳ್ಳುವಂತೆ ಇವು ರಚಿತವಾದುವು. ಕಲ್ಲಿನ ಗೂಟವನ್ನು ಅಲಿಫ್ ಅಕ್ಷರಕ್ಕೆ ಹೋಲಿಸುತ್ತ, ಬೀಸುವ ಕೆಲಸವನ್ನೇ ದೇವರ ನಾಮಸ್ಮರಣೆಯನ್ನಾಗಿ ಮಾಡುವುದು ಇವುಗಳ ರೀತಿ. ಖಾನಖಾದ ಗೂಢ ತತ್ತ್ವವು ಅಡಿಗೆಮನೆಯನ್ನು ತಲುಪಿದುದು ಅರಬ್ಬೀ ಗ್ರಂಥಗಳ ಮೂಲಕವಲ್ಲ. ಹೆಂಗಸರ ಕೊರಳಿನ ಮೂಲಕ. ಇತ್ತ ಅದೇ ಬಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಂಬ ಸಂಕಲನದಲ್ಲಿ ಕನ್ನಡದ ಬೀಸುವ ಪದಗಳಿವೆ. ಒಂದೇ ಊರಿನ ಎರಡು ಓಣಿಗಳಲ್ಲಿ, ಒಂದೇ ಬಗೆಯ ಕಲ್ಲನ್ನು ತಿರುವುತ್ತ, ಒಬ್ಬಳು ದಖನಿಯಲ್ಲಿಯೂ ಇನ್ನೊಬ್ಬಳು ಕನ್ನಡದಲ್ಲಿಯೂ ಬೆಳಗಿನ ಜಾವ ಹಾಡಿರಬೇಕೆಂದು ಭಾವಿಸುವುದು ತಪ್ಪಾಗಲಾರದು. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆಗೆ ಸೇರಿತು. ಹಾಡೂ ಮರೆಯಾಗುತ್ತ ಬಂದಿತು. ಬೀಸುವ ಕಲ್ಲು ಹೀಗೆ ನಿಜವಾಗಿಯೂ ಬಳಕೆಯಿಂದ ದೂರವಾದ ವಸ್ತು, ಸಂಗ್ರಹಾಲಯಕ್ಕೆ ತಕ್ಕುದು. ಅದರ ಪಕ್ಕದಲ್ಲಿ ಎರಡೂ ಭಾಷೆಯ ಹಾಡುಗಳನ್ನು ಧ್ವನಿಮುದ್ರಿಸಿ ಕೇಳಿಸಿದರೆ ಮಾತ್ರ ಅದು ಮಾತನಾಡುತ್ತದೆ.

ಮೊಹರಮ್ಮಿನ ಪಂಜಾ, ಅಲಾಯಿ ಕುಣಿ, ರಿವಾಯತ ಪದಗಳು ಸೂಫಿ ಪಂಥಕ್ಕೆ ನೇರವಾಗಿ ಸೇರಿದವುಗಳಲ್ಲ. ಅವು ಕರ್ಬಲದ ವೀರಮರಣದ ಸ್ಮರಣೆಗೆ ಸಂಬಂಧಿಸಿದುವು. ಆದರೆ ನಮ್ಮ ಹಳ್ಳಿಗಳಲ್ಲಿ ಅವೂ ಪೀರರ ಹೆಸರಿನಲ್ಲಿಯೇ ನಡೆಯುವುದರಿಂದ, ಈ ಭೇದವನ್ನು ಸ್ಪಷ್ಟಪಡಿಸಿ ಒಂದು ಪ್ರತ್ಯೇಕ ಭಾಗದಲ್ಲಿ ತೋರಿಸುವುದು ಯುಕ್ತ.

೭

ಮೇಲಿನ ವಿವೇಚನೆಯಿಂದ ಫಲಿಸುವ ಕಾರ್ಯಕ್ರಮವನ್ನು ಸಂಕ್ಷೇಪವಾಗಿ ಸೂಚಿಸಬಹುದು. ಸನ್ನಿಧಿಯಲ್ಲಿ ಬಳಕೆಯಲ್ಲಿರುವ ವಸ್ತುವನ್ನು ಅಲ್ಲಿಂದ ಕದಲಿಸಬಾರದು. ಅದರ ಅಳತೆ, ಛಾಯಾಚಿತ್ರ, ವರ್ಣನೆಗಳನ್ನು ಮಾತ್ರ ತರಬೇಕು. ಶಾಸನಗಳ ಪಡಿಯಚ್ಚುಗಳನ್ನು ತೆಗೆಯಬೇಕು. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಹೊಂದಿಸಿ ಕುಂಚದಿಂದ ಬಡಿದು, ಒಣಗುತ್ತ ಬಂದಾಗ ಮಸಿಯನ್ನು ಒತ್ತಿದರೆ ಕಾಗದದಲ್ಲಿ ಅಕ್ಷರಗಳು ಮೂಡುತ್ತವೆ; ಕಲ್ಲಿಗೆ ಯಾವ ಅಪಾಯವೂ ಇಲ್ಲ. ಫಾರ್ಸಿ ಅರಬ್ಬೀ ಶಾಸನಗಳನ್ನು ಕನ್ನಡ ಲಿಪಿಯಲ್ಲಿಯೂ ಕನ್ನಡ ಅರ್ಥದೊಡನೆಯೂ ಕೊಡಬೇಕು. ೧೯೭೨ರ ಪ್ರಾಚ್ಯವಸ್ತು ಅಧಿನಿಯಮದ ಪ್ರಕಾರ ಸಾಮಾನ್ಯವಾಗಿ ನೂರು ವರ್ಷ ಮೀರಿದ ವಸ್ತುಗಳೂ ಎಪ್ಪತ್ತೈದು ವರ್ಷ ಮೀರಿದ ಮಹತ್ತ್ವದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೆನಿಸುತ್ತವೆ. ಸಜ್ಜಾದೆಗಳ ಮನೆಗಳಲ್ಲಿಯೂ ಮಠಗಳಲ್ಲಿಯೂ ಇರುವ ಇಂತಹ ಹಸ್ತಪ್ರತಿಗಳನ್ನು ಅವರ ವಶದಲ್ಲಿಯೇ ಇರಿಸಿ, ಪ್ರತಿಯೊಂದು ಪುಟದ ಛಾಯಾಚಿತ್ರವನ್ನು ಪಡೆದು, ಒಂದು ಪ್ರತಿಯನ್ನು ಅವರಿಗೂ ಒಪ್ಪಿಸಬೇಕು. ಲಂಡನ್ನಿಗೆ ಹೋದ ಗ್ರಂಥಗಳ ಕಥೆಯು ಇಲ್ಲಿ ಮತ್ತೆ ನಡೆಯಬಾರದು.

ಈ ಕೆಲಸದಲ್ಲಿ ಕಾಲೇಜು ವಿದ್ಯಾರ್ಥಿಗಳು ವಹಿಸಬಹುದಾದ ಪಾತ್ರವು ದೊಡ್ಡದು. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಎಂಬ ಗ್ರಂಥವು ೧೯೯೮ರಲ್ಲಿ ಪ್ರಕಟವಾದ ಮೇಲೆ ಕನ್ನಡದಲ್ಲಿ ಈ ಅಧ್ಯಯನಕ್ಕೆ ಭದ್ರವಾದ ತಳಹದಿ ದೊರೆತಿದೆ. ಆದರೆ ಹಳ್ಳಿಹಳ್ಳಿಯ ಗದ್ದುಗೆಗಳ ವಿವರವನ್ನು ಒಬ್ಬ ವಿದ್ವಾಂಸನು ಸಂಗ್ರಹಿಸುವುದು ಸಾಧ್ಯವಿಲ್ಲ. ಹತ್ತಿಕುಣಿಯಂತಹ ಊರಿನಿಂದ ಬಂದ ವಿದ್ಯಾರ್ಥಿಯು ತನ್ನ ಊರಿನ ಮತ್ತು ಸುತ್ತಲಿನ ನಾಲ್ಕು ಊರುಗಳ ಸನ್ನಿಧಿಗಳನ್ನು ಕುರಿತು ಐದು ಪ್ರಶ್ನೆಗಳನ್ನು ಕೇಳಿ ಬರೆದುಕೊಂಡರೆ ಸಾಕು: ಸಂತನಿಗೆ ಯಾರು ಯಾರು ಏನೇನು ಹೆಸರನ್ನು ಹೇಳುತ್ತಾರೆ? ಉತ್ಸವವು ಯಾವ ಪಂಚಾಂಗದಂತೆ ನಡೆಯುತ್ತದೆ? ಯಾವ ಸೇವೆ ಯಾವ ಮನೆತನದ್ದು? ಯಾವ ಹಾಡನ್ನು ಯಾವ ಭಾಷೆಯಲ್ಲಿ ಹಾಡುತ್ತಾರೆ? ಹಿಂದಿನವರು ಕಂಡಿದ್ದು ಈಗ ಇಲ್ಲವಾದುದು ಯಾವುದು? ಅಧ್ಯಾಪಕರು ಈ ಉತ್ತರಗಳನ್ನು ಒಂದೆಡೆ ಕ್ರೋಡೀಕರಿಸಿದರೆ ಮೂರು ತಾಲ್ಲೂಕುಗಳ ಒಂದು ನಕ್ಷೆ ಸಿದ್ಧವಾಗುತ್ತದೆ. ಆ ನಕ್ಷೆಯೇ ಪ್ರದರ್ಶನಾಂಗಣದ ಮೊದಲ ಗೋಡೆಯಾಗಬಲ್ಲುದು.

ಹೀಗೆ ಏರ್ಪಟ್ಟ ಅಂಗಣದಲ್ಲಿ ಬೆಲೆಬಾಳುವ ವಸ್ತುಗಳು ಕಡಮೆಯಿರಬಹುದು. ಪಡಿಯಚ್ಚುಗಳು, ಛಾಯಾಚಿತ್ರಗಳು, ಒಂದು ಬೀಸುವ ಕಲ್ಲು, ಒಂದು ಹೊಸ ಗಲೇಫು, ಎರಡೆರಡು ಹೆಸರುಗಳ ಫಲಕಗಳು ಇಷ್ಟೇ ಅಲ್ಲಿ ಕಾಣಬಹುದು. ಆದರೆ ನೋಡಿ ಹೊರಬಂದ ವಿದ್ಯಾರ್ಥಿಯು ಗೋಗಿಗೋ ತಿಂಥಣಿಗೋ ಹೋಗಿ ನಿಂತಾಗ, ಅಲ್ಲಿ ನಡೆಯುವುದನ್ನು ಮೊದಲಿಗಿಂತ ಚೆನ್ನಾಗಿ ಅರಿಯುವನು. ಅಲ್ಲಿಗೆ ಬಂದ ಇಬ್ಬರಲ್ಲಿ ಯಾರಿಗೂ ‘ನೀನು ಹೊರಗಿನವನು’ ಎಂದು ಹೇಳಲಾರನು. ಸಂಗ್ರಹಾಲಯವು ಇದಕ್ಕಿಂತ ಹೆಚ್ಚಿನ ಫಲವನ್ನು ಅಪೇಕ್ಷಿಸಬೇಕಾಗಿಲ್ಲ.